ಬೀಗ ಮಾಡುವವರ ಹಾಡು

ಕೆಂಗೇರಿ ಹಳೇ ಊರಿನ ಲಕ್ಷ್ಮಿದೇವಮ್ಮನಿಗೆ ಆ ವಾರ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಮೊಮ್ಮಗಳು ಕವನಾಳಿಗೆ ಗಂಡು ಗೊತ್ತಾಗಿತ್ತು. ಗೊತ್ತಾಗಿತ್ತು ಅಂದರೆ, ಗೊತ್ತು ಮಾಡಿಕೊಂಡವಳು ಕವನಾಳೇ. ಮನೆಯವರಿಗೆ ಆಮೇಲೆ ಗೊತ್ತಾಯಿತು, ಅಷ್ಟೆ. ಹುಡುಗ ಹೆಗ್ಗನಹಳ್ಳಿಯ ರೇವಂತ್. ಅವಳು ಎಂ.ಕಾಂ. ಓದುತ್ತಿದ್ದ ಸಂತ ತೆಕ್ಲಾ ಕಾಲೇಜಿನಲ್ಲೇ ಅವಳಿಗಿಂತ ಮುಂಚೆ ಓದಿ ಮುಗಿಸಿ, ಈಗ ವಿಜಯನಗರದ ಒಂದು ಸಹಕಾರಿ ಬ್ಯಾಂಕಿನಲ್ಲಿ ಕೆಲಸಕ್ಕಿದ್ದ. ಪುಣ್ಯಕ್ಕೆ ಕುಲ, ಗೋತ್ರ, ಜಾತಕ ಎಲ್ಲ ತಾವಾಗಿಯೇ ಕೂಡಿಬಂದಿದ್ದವು. ಭಾನುವಾರ ಗಂಡಿನ ಕಡೆಯವರು ಬಂದು ತಾಂಬೂಲ ಬದಲಾಯಿಸಿಕೊಂಡರೆ ಮದುವೆ ಗಟ್ಟಿ.

ಉಳಿದಿದ್ದು ಒಂದೇ ಭಯ, ಹುಡುಗನ ತಾತ ಗೂಳಪ್ಪನವರು. ಆ ಮನೆಯಲ್ಲಿ ಅವರು ಹ್ಞೂ ಅಂದರೆ ಹ್ಞೂ, ಊಹ್ಞೂ ಅಂದರೆ ಊಹ್ಞೂ. ಹಿಂದೊಮ್ಮೆ ಮಗಳ ಸಂಬಂಧದ ಮಾತಿಗೆ ಹೋದಾಗ ಯಾರೋ ತಮ್ಮ ಮೀಸೆ ನೋಡಿ ಕಿಸಕ್ಕನೆ ನಕ್ಕರೆಂದು ಬಡಿಸಿದ ಎಲೆ ಬಿಟ್ಟು ಎದ್ದು ಬಂದಿದ್ದರಂತೆ. ಈ ಸಂಬಂಧದ ಮಾತು ಶುರುವಾದ ಮೇಲೆ ಲಕ್ಷ್ಮಿದೇವಮ್ಮ ಅವರನ್ನು ಇನ್ನೂ ಕಣ್ಣಾರೆ ಕಂಡಿರಲಿಲ್ಲ. ಆದರೂ ಮನೆಯವರಿಗೆಲ್ಲ ಒಂದು ವಾರದಿಂದ ಅಪ್ಪಣೆಯಾಗಿತ್ತು: ಭಾನುವಾರ ಯಾರೂ ಹಲ್ಲು ಬಿಡಬಾರದು.

ಗುರುವಾರ ಬೆಳಗ್ಗೆ ಮಗ ಮುನಿರಾಜು ಪೇಪರ್ ಹಿಡಿದುಕೊಂಡು ಬಂದ. "ಲೇ ಕವನಾ, ನಿಮ್ಮ್ ಕಾಲೇಜ್ ವಿಷ್ಯ ಬಂದೈತೆ ನೋಡು" ಅಂದ. ಸಂತ ತೆಕ್ಲಾ ಕಾಲೇಜಿಗೆ ಸ್ವಾಯತ್ತ ಸ್ಥಾನಮಾನ ಸಿಕ್ಕಿತ್ತು. ಆ ಸಂತೋಷಕ್ಕೆ ಪಾದ್ರಿಗಳು ತಮ್ಮ ಬೀರುಗಳಲ್ಲಿ ದೂಳು ತಿನ್ನುತ್ತಿದ್ದ ಹಳೆಯ ಫೋಟೋ, ತಾಳೆಗರಿ, ಹಾಡಿನ ಟೇಪುಗಳನ್ನೆಲ್ಲ ಇಂಟರ್ನೆಟ್ಟಿಗೆ ಹಾಕಿದ್ದರು. ಇನ್ನು ಮೇಲೆ ಪ್ರಪಂಚದ ಯಾವ ಮೂಲೆಯಲ್ಲಿ ಕೂತವರೂ ಈ ಸುತ್ತಮುತ್ತಲ ಹಳ್ಳಿಗಳ ಹಳೇ ಹಾಡು ಕೇಳಬಹುದು ಎಂದು ಪೇಪರಿನವರು ಹೊಗಳಿ ಬರೆದಿದ್ದರು.

ಕವನಾ ತಕ್ಷಣ ಕಂಪ್ಯೂಟರ್ ಹಾಕಿದಳು. ಹುಡುಕುತ್ತ ಹುಡುಕುತ್ತ ಗಕ್ಕನೆ ನಿಂತಳು. "ಅಜ್ಜಿ, ನಮ್ಮೂರ್ದೇ ಒಂದೈತೆ. ಐವತ್ತು ವರ್ಷದ ಹಿಂದಿಂದು. ಬೀಗ ಮಾಡುವವರ ಕೆಲಸದ ಹಾಡು, ಕೆಂಗೇರಿ ಅಂತ ಇಂಗ್ಲಿಷಲ್ಲಿ ಬರ್ದವ್ರೆ."

"ಬೀಗ ಮಾಡೋರಾ? ನಮ್ಮೂರಲ್ಲಿ ಬೀಗ ಮಾಡೋರು ಯಾರಿದ್ರೇ? ಬಾಗ್ಲೇ ಸರಿಯಾಗಿರ್ಲಿಲ್ಲ ಆಗ" ಎಂದು ಲಕ್ಷ್ಮಿದೇವಮ್ಮ ಅವರೆಕಾಯಿ ಸುಲಿಯುತ್ತಲೇ ನಕ್ಕರು. ಕವನಾ ಹಾಡು ಹಾಕಿದಳು. ಮೊದಲು ಗರಗರ ಸದ್ದು, ಆಮೇಲೆ ಹೆಂಗಸರ ಗುಂಪಿನ ನಗು, ಅದನ್ನು ಸೀಳಿಕೊಂಡು ಒಂದು ಹುಡುಗಿಯ ಗಂಟಲು:

"ಹೆಗ್ಗನಹಳ್ಳಿ ಬೀಗರು ಹೆಗ್ಗಣದಂಗೆ ಬಂದೋರು
ಒಬ್ಬಟ್ಟಿನ ಗುಡಾಣ ಬರಿದು ಮಾಡಿದೋರು
ಅವರೊಳಗೆ ಗೂಳನ ಹೊಟ್ಟೆ ನೋಡಿರೇ
ನಮ್ಮೂರ ಕೆರೆಗಿಂತ ಆಳವೇ!"

ಲಕ್ಷ್ಮಿದೇವಮ್ಮನ ಕೈಯಲ್ಲಿದ್ದ ಮೊರ ಜಾರಿ ಅವರೆಕಾಳು ಮನೆ ತುಂಬ ಉರುಳಿದವು. "ನಿಲ್ಸೇ! ನಿಲ್ಸೇ ಮೊದ್ಲು ಅದನ್ನ!"

ಕವನಾ ಗಾಬರಿಯಿಂದ ನಿಲ್ಲಿಸಿದಳು. "ಏನಾಯ್ತಜ್ಜಿ?"

"ಏನಾಯ್ತು ಅಂತೀಯಾ? ಅದು ನಾನು ಕಣೇ! ನನ್ನ್ ಗಂಟ್ಲೇ ಅದು!"

ಆಮೇಲೆ ವಿಷಯ ಹೊರಬಂತು. ಲಕ್ಷ್ಮಿದೇವಮ್ಮನಿಗೆ ಆಗ ಹದಿನಾರೋ ಹದಿನೇಳೋ. ಚಿಕ್ಕಪ್ಪನ ಮಗಳನ್ನು ಹೆಗ್ಗನಹಳ್ಳಿಗೆ ಕೊಟ್ಟಿದ್ದರು. ಮದುವೆಯ ಮಾರನೇ ದಿನ ಬೀಗರ ಊಟ. ಗಂಡಿನವರು ಎಲೆಯ ಮುಂದೆ ಕೂತಾಗ ಹೆಣ್ಣಿನ ಕಡೆಯ ಹೆಂಗಸರು ಅವರನ್ನು ಹಾಡು ಕಟ್ಟಿ ಅಣಕಿಸಬೇಕು, ಅದು ಪದ್ಧತಿ. ಹಾಡಿಸಿಕೊಳ್ಳದ ಬೀಗರು ಬೀಗರೇ ಅಲ್ಲ. ಲಕ್ಷ್ಮಿದೇವಮ್ಮನ ಅಪ್ಪ ಕಾಲೇಜಿಗೆ ಹಾಲು ಹಾಕುತ್ತಿದ್ದರಿಂದ ಊಟಕ್ಕೆ ಕರೆದಿದ್ದ ಒಬ್ಬ ಪಾದ್ರಿ ಟ್ರಂಕಿನಷ್ಟು ದೊಡ್ಡ ಟೇಪ್ ರೆಕಾರ್ಡರ್ ಹೊತ್ತುಕೊಂಡು ಬಂದಿದ್ದರು. ಆ ಪಾದ್ರಿ ಟೇಪಿನ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ 'ಬೀಗರ ಹಾಡು' ಅಂತಲೇ ಬರೆದಿರಬೇಕು. ಈಗ ಕಂಪ್ಯೂಟರಿಗೆ ಹಾಕಿದ ಯಾವನೋ ಮಹಾನುಭಾವ ನೆಂಟರ ಬೀಗರನ್ನು ಬಾಗಿಲ ಬೀಗ ಮಾಡಿ ಕೂರಿಸಿದ್ದ.

"ಹೋಗ್ಲಿ ಬಿಡಜ್ಜಿ, ಎಷ್ಟ್ ಚೆನ್ನಾಗಿ ಹಾಡಿದೀಯಾ!"

"ಚೆನ್ನಾಗಿ! ಹೆಗ್ಗನಹಳ್ಳಿ ಗೂಳ ಅಂದ್ರೆ ಯಾರೇ? ಭಾನುವಾರ ಬರೋ ಗೂಳಪ್ಪನೋರೇ ಕಣೇ! ಇಷ್ಟು ದಿನ ನಂಗೆ ಹೊಳೀಲೇ ಇಲ್ಲ! ಆಗ ಬಡಕಲು ಹುಡುಗ, ಒಬ್ಬಟ್ಟಿನ ಮೇಲೆ ಒಬ್ಬಟ್ಟು ಹಾಕಿಸ್ಕೊಂಡ. ನಾನು ಸುಮ್ನಿರ್ಲಾರ್ದೆ ಹೆಸ್ರು ಹಿಡ್ದು ಹಾಡ್ದೆ. ಮೀಸೆ ನೋಡಿ ನಕ್ಕಿದ್ದಕ್ಕೇ ಎಲೆ ಬಿಟ್ಟು ಎದ್ದೋನು, ಹೊಟ್ಟೆ ಮೇಲೆ ಹಾಡಿದ್ದು ಪ್ರಪಂಚಕ್ಕೆಲ್ಲಾ ಕೇಳೋ ಹಂಗೆ ಮಾಡಿದ್ರೆ ಬಿಟ್ಟಾನಾ?"

ಕವನಾಳ ಮುಖ ಈಗ ಬಿಳಿಚಿತು. ರೇವಂತನಿಗೂ ಇಷ್ಟರಲ್ಲಿ ಆ ಸುದ್ದಿ ಕಾಲೇಜಿನಿಂದ ಇ-ಮೇಲಿನಲ್ಲಿ ಹೋಗಿರುತ್ತದೆ. ಹಳೇ ವಿದ್ಯಾರ್ಥಿಗಳಿಗೆಲ್ಲ ಕಳಿಸುತ್ತಾರೆ. ಅವಳು ಮೆಲ್ಲಗೆ ಅಂದಳು: "ಅಜ್ಜಿ, ನಂಗೆ ಅವ್ನೇ ಬೇಕು."

"ಗೊತ್ತು ಕಣೇ. ಅದಕ್ಕೇ ಈ ಹಾಡಿನ ಬಾಯಿಗೇ ಬೀಗ ಹಾಕಿಸ್ತೀನಿ ನಡಿ."

ಮಧ್ಯಾಹ್ನಕ್ಕೆಲ್ಲ ಅಜ್ಜಿ ಮೊಮ್ಮಗಳು ಆಟೋ ಹತ್ತಿ ಕಾಲೇಜಿಗೆ ಬಂದರು. ಸಂಗ್ರಹ ನೋಡಿಕೊಳ್ಳುವ ಫಾದರ್ ಚೌರಪ್ಪ ಇದೇ ಸೀಮೆಯವರು. ತಮ್ಮವರು ಬೀಗರನ್ನು ಏನು ಮಾಡಿದ್ದಾರೆಂದು ಕೇಳಿದ್ದೇ ತಡ, ಹೊಟ್ಟೆ ಹಿಡಿದುಕೊಂಡು ನಕ್ಕುಬಿಟ್ಟರು. "ಅಯ್ಯೋ ದೇವ್ರೇ! ಇದನ್ನ ಬರ್ದೋರು ಈ ಕಡೆಯೋರಲ್ಲಮ್ಮ. ನಂಗೆ ಪ್ರತಿಯೊಂದೂ ಕೇಳೋಕೆ ಪುರುಸೊತ್ತಾಗ್ಲಿಲ್ಲ. ತಿದ್ದಿಬಿಡ್ತೀನಿ."

"ತಿದ್ದೋದಲ್ಲ ಸ್ವಾಮಿ, ತೆಗೀರಿ. ಮೊಮ್ಮಗಳ ಬಾಳಿನ ಪ್ರಶ್ನೆ." ಲಕ್ಷ್ಮಿದೇವಮ್ಮ ಎಲ್ಲ ಕಥೆ ಹೇಳಿದರು.

ಫಾದರ್ ನಗು ನಿಲ್ಲಿಸಿದರು. ಇಂಥ ಹಾಡು ಸಿಗುವುದು ಕಷ್ಟ, ತೆಗೆಯಲು ಮನಸ್ಸು ಬರುವುದಿಲ್ಲ, ಆದರೆ ಹಾಡಿದವರು ಬೇಡವೆಂದರೆ ಇಟ್ಟುಕೊಳ್ಳುವ ಹಕ್ಕು ತಮಗಿಲ್ಲ ಎಂದರು. "ಪೂರ್ತಿ ಕೇಳಿದೀರಾಮ್ಮ?" ಎಂದೂ ಕೇಳಿದರು.

"ಕೇಳೋದೇನು ಬಂತು ಸ್ವಾಮಿ, ಹಾಡಿದೋಳೇ ನಾನು."

ಅಲ್ಲೇ ಅವರ ಕಣ್ಣೆದುರಿಗೇ ಹಾಡು ಪುಟದಿಂದ ಮಾಯವಾಯಿತು. ಲಕ್ಷ್ಮಿದೇವಮ್ಮನಿಗೆ ಹೋದ ಜೀವ ಬಂದಂತಾಯಿತು. ಬರುವಾಗ ಗೇಟಿನ ಪಕ್ಕದ ಮಾತೆ ಮರಿಯಮ್ಮನಿಗೂ ಒಂದು ಕೈ ಮುಗಿದು ಬಂದರು.

ಭಾನುವಾರ ಬಂತು. ಹೆಗ್ಗನಹಳ್ಳಿಯಿಂದ ಒಂದು ಕಾರು, ಒಂದು ಟೆಂಪೊ ತುಂಬ ಜನ ಬಂದಿಳಿದರು. ಎಲ್ಲರ ಹಿಂದೆ ಕೋಲೂರಿಕೊಂಡು ಗೂಳಪ್ಪನವರು. ಬಿಳಿ ಪಂಚೆ, ಬಿಳಿ ಮೀಸೆ, ಗಂಟಿಕ್ಕಿದ ಮುಖ. ಕಾಫಿ ಬೇಡ ಅಂದರು. ಕೇಸರಿಬಾತ್ ಮುಟ್ಟಲಿಲ್ಲ. ರೇವಂತ್ ಕವನಾಳ ಕಡೆ ನೋಡಿ, ಗುರುವಾರದಿಂದ ಹೀಗೇ ಎಂಬಂತೆ ಭುಜ ಕುಣಿಸಿದ. ಮಾತುಕತೆ ಮುಗಿದು ಮುನಿರಾಜು ತಾಂಬೂಲದ ತಟ್ಟೆ ಎತ್ತಿಕೊಂಡು ಎದ್ದು ನಿಂತಾಗ, ಗೂಳಪ್ಪನವರು ಕೋಲನ್ನು ನೆಲಕ್ಕೆ ಕುಟ್ಟಿದರು.

"ನಿಲ್ಸಪ್ಪ. ನಂದೊಂದು ಮಾತೈತೆ. ಕಾಲೇಜಿಂದ ಒಂದು ಹಾಡು ಬಂದಿತ್ತು. ಗುರುವಾರ ಬೆಳಗ್ಗೆ ಈ ಹುಡುಗ ಕೇಳಿಸ್ದ. ಸಾಯಂಕಾಲ ಮತ್ತೆ ಹಾಕೋ ಅಂದ್ರೆ ಇಲ್ಲ. ಫಾದರ್‌ಗೆ ಫೋನ್ ಮಾಡಿಸ್ದೆ. ಯಾರೋ ದೊಡ್ಡೋರು ಬಂದು ತೆಗೆಸಿದ್ರು, ಹೆಸ್ರು ಮಾತ್ರ ಹೇಳೋ ಹಂಗಿಲ್ಲ ಅಂದ್ರು." ಅವರು ಕಣ್ಣೆತ್ತಿ ನೇರ ಲಕ್ಷ್ಮಿದೇವಮ್ಮನ ಕಡೆ ನೋಡಿದರು. "ನೀವೇನಾ?"

ಲಕ್ಷ್ಮಿದೇವಮ್ಮನಿಗೆ ನಾನಲ್ಲ ಎಂದುಬಿಡೋಣ ಅನ್ನಿಸಿತು. ಆದರೆ ಸುಳ್ಳಿನ ಮೇಲೆ ಹುಡುಗಿಯನ್ನು ಕಳಿಸುವುದಕ್ಕೆ ಮನಸ್ಸೊಪ್ಪಲಿಲ್ಲ.

"ನಾನೇ. ಹಾಡಿದ್ದೂ ನಾನೇ, ತೆಗೆಸಿದ್ದೂ ನಾನೇ. ಹುಡುಗಾಟಕ್ಕೆ ನಿಮ್ಮ್ ಹೆಸ್ರು ಹಿಡ್ದು ಹಾಡ್ಬಿಟ್ಟಿದ್ದೆ. ಕೋಪ ಇದ್ರೆ ನನ್ನ್ ಮೇಲಿರ್ಲಿ, ಹುಡುಗಿ ಮೇಲೆ ಬೇಡ."

"ನಿಮ್ಮ್ ಹಾಡು ಯಾರಿಗ್ ಬೇಕಾಗಿತ್ರೀ!" ಗೂಳಪ್ಪನವರ ದನಿ ಏರಿತು. "ನಿಮ್ಮ್ ಹಾಡಾದ್ಮೇಲೆ ಏನೈತೆ ಅಂತ ಕೇಳಿದ್ರಾ? ಬೀಗರ ಹಾಡಿಗೆ ಆ ಕಡೆಯೋರು ಉತ್ರ ಕೊಡೋದಿಲ್ವಾ? ಉತ್ರ ಕೊಟ್ಟಿರೋದು ನಮ್ಮವ್ವ. ಆ ಮದ್ವೆಯಾಗಿ ವರ್ಷ ತುಂಬೋದ್ರೊಳ್ಗೆ ಹೋಗ್ಬಿಟ್ಲು. ಒಂದು ಫೋಟೋ ಇಲ್ಲ, ಏನೂ ಇಲ್ಲ. ಮುಖಾನೂ ಮಸುಕಾಗೋಗಿತ್ತು ನಂಗೆ. ಐವತ್ತು ವರ್ಷಕ್ಕೆ ಒಂದ್ಸಲ ದನಿ ಕೇಳ್ದೆ, ಸಾಯಂಕಾಲಕ್ಕೆ ತೆಗೆಸ್ಬಿಟ್ರಲ್ರೀ." ಅವರು ಮುಖ ಆ ಕಡೆ ತಿರುಗಿಸಿದರು. "ಅದು ವಾಪಸ್ ಬರೋಗಂಟ ನಾನು ತಾಂಬೂಲ ಮುಟ್ಟೋದಿಲ್ಲ."

ಲಕ್ಷ್ಮಿದೇವಮ್ಮನ ಕಣ್ಣು ತುಂಬಿತು. ತನ್ನದೊಂದು ಗಂಟಲು ಕೇಳಿದ್ದೇ ಸಾಕೆಂದು ಇನ್ನೊಬ್ಬಳ ಬಾಯಿ ಕಟ್ಟಿಸಿ ಬಂದಿದ್ದರು. ಛೇ, ಎಂಥ ಕೆಲಸವಾಯಿತು! ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದರು. "ಏಳಿ ಎಲ್ಲಾರೂ. ಮುನಿರಾಜು, ತಟ್ಟೆ ಹಿಡ್ಕೊ. ಕವನಾ, ಫಾದರ್‌ಗೆ ಫೋನ್ ಮಾಡು. ಈಗಿಂದೀಗ್ಲೇ ಹೋಗ್ತಾ ಇದೀವಿ."

ಇಡೀ ಮದುವೆ ಮಾತುಕತೆ ಎದ್ದು ಕಾಲೇಜಿಗೆ ಬಂತು. ಭಾನುವಾರದ ಪೂಜೆ ಮುಗಿಸಿ ಆಗತಾನೆ ಬಂದಿದ್ದ ಫಾದರ್ ಚೌರಪ್ಪ, ರೇಷ್ಮೆ ಸೀರೆ, ಹೂವು, ಹಣ್ಣಿನ ತಟ್ಟೆಗಳ ಸಮೇತ ನುಗ್ಗಿದ ಜನವನ್ನು ನೋಡಿ ಒಂದು ಕ್ಷಣ ತಬ್ಬಿಬ್ಬಾದರು. ಲಕ್ಷ್ಮಿದೇವಮ್ಮ ಏದುಸಿರು ಬಿಡುತ್ತ, "ಹಾಕಿ ಸ್ವಾಮಿ, ವಾಪಸ್ ಹಾಕಿ. ನಂದು ತಪ್ಪಾಯ್ತು" ಅಂದರು. ಅಲ್ಲಿದ್ದ ಕುರ್ಚಿ ಸಾಲದೆ ಅರ್ಧ ಜನ ಗೋಡೆಗೊರಗಿ ನಿಂತರು. ಗೂಳಪ್ಪನವರನ್ನು ಬಾಗಿಲ ಹತ್ತಿರ ಕೂರಿಸಿದರು.

ಲಕ್ಷ್ಮಿದೇವಮ್ಮನ ಹಾಡು ಬಂತು. ಹೆಗ್ಗಣ, ಗುಡಾಣ, ಕೆರೆ ಎಲ್ಲ ಬಂದವು. ರೇವಂತ್ ಬಾಯಿಗೆ ಕರ್ಚೀಫ್ ಒತ್ತಿಕೊಂಡ. ಅದು ಮುಗಿದದ್ದೇ ಒಂದು ದಪ್ಪ, ತುಂಬಿದ ದನಿ ಮೇಲೆದ್ದಿತು:

"ಕೆಂಗೇರಿ ಬೀಗರು ಕೆಂಗಣ್ಣು ಬಿಟ್ಟೋರು
ಬಡಿಸೋಕೆ ಕೈಯಿ ಬಾರದೋರು
ಹಾಡೋ ಹುಡುಗಿಯ ಬಾಯಿ ನೋಡಿರೇ
ಊರ ಬಾಗ್ಲಿಗಿಂತ ಅಗಲವೇ!"

ಇನ್ನು ತಡೆಯುವುದು ಯಾರಿಂದಲೂ ಆಗಲಿಲ್ಲ. ಎರಡೂ ಕಡೆಯವರು ಗೊಳ್ಳೆಂದು ನಕ್ಕರು. ಲಕ್ಷ್ಮಿದೇವಮ್ಮನೇ ಎಲ್ಲರಿಗಿಂತ ಜೋರಾಗಿ ನಕ್ಕರು. ಅಣಕಿಸಿಕೊಂಡು ಇಷ್ಟು ಸುಖವಾಗಿದ್ದು ಅವರಿಗೆ ನೆನಪಿರಲಿಲ್ಲ. ಟೇಪು ಇನ್ನೂ ಓಡುತ್ತಿತ್ತು. ಹಾಡು ಮುಗಿದ ಮೇಲೂ ಆ ಹಳೇ ಪಾದ್ರಿ ಯಂತ್ರ ನಿಲ್ಲಿಸುವುದನ್ನು ಮರೆತಿದ್ದರೋ ಏನೋ. ಎಲೆಗಳ ಸರಪರ, ಯಾರೋ ನೀರು ಕೇಳಿದ್ದು, ಆಮೇಲೆ ಅದೇ ಹೆಂಗಸಿನ ದನಿ ಹಾಡು ಬಿಟ್ಟು ಮಾತಿಗಿಳಿದು, ಹತ್ತಿರದಲ್ಲೇ ಕೇಳಿಸಿತು.

"ಗೂಳಾ, ಅಷ್ಟು ದೂರ ಯಾಕ್ಲಾ ಕುಂತಿದ್ಯಾ? ಬಾ ಇಲ್ಲಿ, ನನ್ನ್ ಪಕ್ಕ ಕುಂತ್ಕೊ."

ಗೂಳಪ್ಪನವರು ಕೋಲನ್ನು ಮರೆತು ಎದ್ದರು. "ಬಂದೆ ಕಣವ್ವ" ಅಂದರು. ಕುರ್ಚಿಯನ್ನು ಎಳೆದುಕೊಂಡು ಬಂದು ಕಂಪ್ಯೂಟರಿನ ಮಗ್ಗುಲಿಗೇ ಕೂತುಕೊಂಡರು.

ಯಾರೂ ನಗಲಿಲ್ಲ. ಟೇಪು ಗರಗರ ಎಂದು ಮುಗಿಯಿತು. ಗೂಳಪ್ಪನವರ ಮೀಸೆ ಒದ್ದೆಯಾಗಿತ್ತು. ಒರೆಸಿಕೊಳ್ಳುವ ಗೋಜಿಗೂ ಅವರು ಹೋಗಲಿಲ್ಲ. ತಿರುಗದೆಯೇ ತಾಂಬೂಲದ ತಟ್ಟೆಗೆ ಎರಡೂ ಕೈ ಚಾಚಿದರು.

"ಕೊಡ್ರಪ್ಪ ಇತ್ಲಾಗೆ" ಅಂದರು. ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಲಕ್ಷ್ಮಿದೇವಮ್ಮನ ಕಡೆ ನೋಡಿದರು. "ಇನ್ನೊಂದ್ಸಲ ಹಾಕ್ಸಿ, ಬೀಗಿತ್ತಿ."