ಗಿರಣಿ ಹೊಲದ ಮೂಲೆ

ತಗಡಿನ ಬಕೆಟ್ಟಿಗೆ ಕಾಳು ಸುರಿದಂಥ ಸದ್ದು. ಬೋದಿಲ್ ಉಸಿರು ಬಿಗಿಹಿಡಿದು ಕೇಳಿದಳು. ಇಲಿಯಲ್ಲ. ಶೆಡ್ಡಿನ ಕಡೆಯಿಂದ ಬರುತ್ತಿತ್ತು. ಪಕ್ಕದಲ್ಲಿ ಗಂಡ ಎಸ್ಕಿಲ್‌ಗೆ ಗಾಢ ನಿದ್ದೆ. ಅವಳು ಕೋಟು ಹಾಕಿಕೊಂಡು, ಟಾರ್ಚ್ ಹಿಡಿದು ಕೆಳಗಿಳಿದಳು.

ಶೆಡ್ಡಿನಲ್ಲಿ ಮಾವ ಥೋರ್ವಲ್ ಗೊಬ್ಬರದ ಚೀಲದ ಮುಂದೆ ಬಗ್ಗಿದ್ದರು. ಪೈಜಾಮದ ಮೇಲೆ ರಬ್ಬರ್ ಬೂಟು.

"ಏನ್ ಮಾವ ಇದು, ಈ ಹೊತ್ತಲ್ಲಿ?"

"ಮೆತ್ತಗೆ! ಅವನು ಎದ್ದುಬಿಟ್ಟಾನು." ಅವರು ಮನೆಯ ಕಡೆ ನೋಡಿದರು. "ಗಿರಣಿ ಹೊಲದ ಮೂಲೆ ಇದೆಯಲ್ಲ, ಚರ್ಚ್ ಗೋಡೆ ಮಗ್ಗುಲಿಂದು. ಅಲ್ಲಿ ಗೊಬ್ಬರ ಎರಚೋ ಯಂತ್ರದ ಬಾಗಿಲು ತೆಗೆಯೋದನ್ನೇ ಮರೆತೆ ಕಣಮ್ಮ. ಮಲಗಿದ್ಮೇಲೆ ನೆನಪಾಯ್ತು."

ಮಾರ್ಚ್ ತಿಂಗಳು. ಚಳಿಗೆ ಮುದುಡಿದ್ದ ಗೋಧಿ ಮತ್ತೆ ಚಿಗುರತೊಡಗಿತ್ತು. ಈಗ ಮೊದಲ ಗೊಬ್ಬರ ಬೀಳಬೇಕು, ಅದರ ಬೆನ್ನಿಗೇ ಮಳೆ ಬರಬೇಕು. ಬೆಳಗಾಗುವುದರೊಳಗೆ ಮಳೆ ಎಂದು ರೇಡಿಯೊ ಹೇಳಿದ್ದೇ ತಡ, ಲೋಲಾನ್ ದ್ವೀಪದ ಹೊಲಹೊಲದಲ್ಲೂ ಟ್ರ್ಯಾಕ್ಟರ್ ಇಳಿದಿದ್ದವು. ಎಸ್ಕಿಲ್ ಅಪ್ಪನಿಗೆ ಗಿರಣಿ ಹೊಲ ಒಂದನ್ನೇ ಬಿಟ್ಟುಕೊಟ್ಟಿದ್ದ. "ಈ ಸಲ ಎಡವಟ್ಟಾದ್ರೆ ಟ್ರ್ಯಾಕ್ಟರ್ ಕೀಲಿ ನನ್ನ ಜೇಬಿಗೆ, ಅಪ್ಪಾ," ಎಂದು ಊಟದ ಮೇಜಿನಲ್ಲೇ ಹೇಳಿದ್ದ. ಥೋರ್ವಲ್ ಆಲೂಗಡ್ಡೆಯ ಸಿಪ್ಪೆ ಸುಲಿಯುತ್ತಲೇ ಇದ್ದರು.

ಗೊಬ್ಬರ ತಪ್ಪಿದ ಜಾಗ ಇವತ್ತು ಕಾಣುವುದಿಲ್ಲ. ಕೆಲವು ವಾರ ಕಳೆದರೆ ಹಸಿರಿನ ನಡುವೆ ಹಳದಿಯಾಗಿ ಎದ್ದು ಕಾಣುತ್ತದೆ. ಚರ್ಚಿಗೆ ಹೋಗುವವರೆಲ್ಲ ನೋಡುತ್ತಾರೆ.

"ನಮ್ಮಪ್ಪ ಕೈಲೇ ಎರಚ್ತಿದ್ದ. ನಾನೂ ಎರಚ್ತೀನಿ. ಮಳೆ ಬರೋದ್ರೊಳಗೆ ಮುಗಿಸ್ಬೇಕು."

ಬಿಟ್ಟರೆ ಒಬ್ಬರೇ ಹೊರಡುವವರು. ಅವಳೂ ಜೊತೆಗೆ ನಡೆದಳು.

ಮೂಲೆಯಲ್ಲಿ ಬೋದಿಲ್ ಟಾರ್ಚಿನ ಬೆಳಕನ್ನು ನೆಲಕ್ಕೆ ಬಿಟ್ಟಳು. ಎಳೆಯ ಗೋಧಿಯ ಬುಡದಲ್ಲಿ ಗೊಬ್ಬರದ ಬಿಳಿಯ ಹರಳು. ನಾಲ್ಕು ಹೆಜ್ಜೆ ಮುಂದೆ ಹೋಗಿ ಬಗ್ಗಿದಳು. ಅಲ್ಲೂ ಇತ್ತು. ಗೋಡೆಯ ಬುಡದಲ್ಲೂ ಇತ್ತು, ಎಲ್ಲೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಮಾವ ಏನನ್ನೂ ಬಿಟ್ಟಿರಲಿಲ್ಲ. ಮಾಡಿದ ಕೆಲಸವೇ ಅವರ ನೆನಪಿನಿಂದ ಜಾರಿತ್ತು.

ಮತ್ತೊಮ್ಮೆ ಬಿದ್ದರೆ ಇಲ್ಲಿಯ ಗೋಧಿ ಸೊಕ್ಕಿ ಬೆಳೆದು ಜುಲೈ ಗಾಳಿಗೆ ನೆಲಕ್ಕೆ ಮಲಗುತ್ತದೆ. ಆಗ ಎಸ್ಕಿಲ್ ಕೇಳುತ್ತಾನೆ.

"ಮಾವ," ಎಂದಳು. ಅವರು ತಿರುಗಿದರು. ಆ ಮುಖ ನೋಡಿ ಅವಳು ಮಾತು ಬದಲಿಸಿದಳು. "ಬಕೆಟ್ ಕೊಡಿ ಇಲ್ಲಿ. ನೀವು ನಿಂತ್ಕೊಂಡು ಬೆಳಕು ಬಿಡಿ."

"ನಿನಗೆ ಬರುತ್ತಾ? ಪೇಟೆ ಮೇಷ್ಟ್ರ ಮಗಳು!"

"ದಿನಾ ಕೋಳಿಗೆ ಕಾಳು ಹಾಕ್ತೀನಲ್ಲ."

"ಕೋಳಿ ಏನು, ಹಾಕಿದ್ದು ತಿನ್ನುತ್ತೆ. ಗೋಧಿ ಊರಿಗೆಲ್ಲ ಚಾಡಿ ಹೇಳುತ್ತೆ."

ಬೋದಿಲ್ ಬಕೆಟ್ಟನ್ನು ಸೊಂಟಕ್ಕೆ ಒತ್ತಿಕೊಂಡು, ಬೆಳಕಿಗೆ ಬೆನ್ನು ಮಾಡಿ ನಡೆದಳು. ಬಕೆಟ್ಟಿಗೆ ಕೈ ಹಾಕುವಳು, ಹರಳು ಮುಟ್ಟದೆ ಬರಿಗೈಯನ್ನೇ ಮುಷ್ಟಿ ಕಟ್ಟಿ ತೆಗೆಯುವಳು, ಬೀಸುವಳು. ಮುಂದೆ ನೆರಳೂ ಬೀಸುತ್ತಿತ್ತು.

"ಕೈ ಇನ್ನೂ ಅಗಲಕ್ಕೆ ಬೀಸು!"

ಅವಳು ಇನ್ನೂ ಅಗಲಕ್ಕೆ ಬೀಸಿದಳು. ಹೀಗೆ ಮೂಲೆಯುದ್ದಕ್ಕೂ ಹೋಗಿ ಬಂದು ಮಾಡಿದಳು, ಒಂದು ಕಡೆಯನ್ನೂ ಬಿಡದೆ.

ವಾಪಸು ಬರುವಾಗ ಮಾವ ಬಕೆಟ್ಟಿಗೆ ಕೈ ಚಾಚಿದರು. ಅವಳು ಅದನ್ನು ಆಚೆಯ ಕೈಗೆ ಬದಲಿಸಿಕೊಂಡಳು. "ಖಾಲಿ ಬಕೆಟ್ಟಿಗೆ ಇಬ್ಬರು ಬೇಕಾ?" ಭಾರಕ್ಕೆ ಬಕೆಟ್ಟಿನ ಹಿಡಿ ಬೆರಳನ್ನು ಕೊಯ್ಯುತ್ತಿತ್ತು. ಶೆಡ್ಡಿನ ಬಾಗಿಲ ಹಿಂದಿನ ಕತ್ತಲಲ್ಲಿ ಸದ್ದಾಗದಂತೆ ಇಳಿಸಿದಳು.

ನಲ್ಲಿಯ ಹತ್ತಿರ ಅವರು ಸೋಪು ಕೊಟ್ಟರು. "ಚೆನ್ನಾಗಿ ತೊಳ್ಕೊ. ಹಾಗೇ ಬಿಟ್ರೆ ಚರ್ಮ ಉರಿಯುತ್ತೆ."

ಶೆಡ್ಡಿನ ತಗಡಿನ ಮೇಲೆ ಮೊದಲ ಹನಿಗಳು ಬಿದ್ದವು. ಥೋರ್ವಲ್ ಮುಖವೆತ್ತಿ ಆಲಿಸಿದರು. "ಬಂತು ನೋಡು. ಸರಿಯಾದ ಹೊತ್ತಿಗೆ ಮುಗಿಸಿದ್ವಿ." ಆಮೇಲೆ ಮೆಲ್ಲಗೆ, "ಎಸ್ಕಿಲ್‌ಗೆ..."

"ಹೇಳಲ್ಲ, ಮಾವ."

ಹೇಳುವುದಿಲ್ಲ. ಅವನಿಗೂ ಇಲ್ಲ, ಎದುರಿಗೆ ನಿಂತ ಇವರಿಗೂ ಇಲ್ಲ. ಹಾಗೆಂದು ತೀರ್ಮಾನಿಸಿ ಅವಳು ಧೂಳೂ ಸೋಕದ ಕೈಗೆ ಸೋಪು ಹಚ್ಚಿಕೊಂಡು, ಮಾವ ನೋಡುತ್ತಿದ್ದಂತೆ, ಬೆರಳ ಸಂದುಗಳನ್ನು ಒಂದೊಂದಾಗಿ ತೊಳೆದಳು.