ಮುತ್ತಿನಮ್ಮ ಸಾಕಿದ ಹುಡುಗಿ

ಪದವಿ ಮುಗಿದ ಮೇಲೆ ನಾನು ಹುಡುಕಿದ್ದು ಅರ್ಥವಿರುವ ಕೆಲಸ. ಹಾಗೆಂದು ಡೈರಿಯಲ್ಲಿ ಬರೆದುಕೊಂಡಿದ್ದೆ. ಬಾಯಿಬಿಟ್ಟು ಹೇಳಿದ್ದರೆ ಅಮ್ಮ ನಗುತ್ತಿದ್ದಳು. ಸಂಬಳ ಬಂದರೆ ಕೆಲಸಕ್ಕೆ ಅರ್ಥ ತಾನಾಗಿ ಬರುತ್ತದೆ ಎನ್ನುವವಳು ಅವಳು. ಹಗಲೆಲ್ಲ ಹೊಲಿಗೆಯಂತ್ರ ತುಳಿದು ನನ್ನನ್ನು ಒಬ್ಬಳೇ ಓದಿಸಿದವಳು. ಅನಾಥ ಹೆಣ್ಣುಮಕ್ಕಳ ಆಶ್ರಮಕ್ಕೆ ದೇಣಿಗೆ ಎತ್ತುವ ಕೆಲಸ ಸಿಕ್ಕಿದೆ ಎಂದಾಗ ಹಲ್ಲಿನಲ್ಲಿ ದಾರ ಕತ್ತರಿಸುತ್ತಾ, "ನೀನಾ? ಪಕ್ಕದ ಮನೇಲಿ ಸಕ್ಕರೆ ಕೇಳೋಕೆ ಹೋಗಿ ಖಾಲಿ ಲೋಟ ಹಿಡ್ಕೊಂಡು ವಾಪಸ್ ಬಂದೋಳು, ಊರನ್ನೆಲ್ಲ ಕೇಳ್ತೀಯಾ?" ಎಂದಳು.

ಅವಳ ಮಾತು ಸುಳ್ಳಾಗಲಿಲ್ಲ. ನನ್ನನ್ನು ಫೋನಿನ ಮುಂದೆ ಕೂರಿಸಿದರು. ಆ ಕಡೆಯವರು ಇಲ್ಲ ಎನ್ನುವ ಮೊದಲೇ ನಾನು ಕ್ಷಮಿಸಿ ಎಂದು ಇಟ್ಟುಬಿಡುತ್ತಿದ್ದೆ. ಪಕ್ಕದ ಮೇಜಿನವರು ಅದನ್ನು ಅಣಕಿಸಿ ಆಡಿ ತೋರಿಸುತ್ತಿದ್ದರು. ಆಶ್ರಮದ ಮುಖ್ಯಸ್ಥೆಯನ್ನು ಎಲ್ಲರೂ ಅಕ್ಕ ಎನ್ನುತ್ತಾರೆ. ಆಕೆ ನನಗೆ ಮೂಕಿ ಎಂದು ಹೆಸರಿಟ್ಟರು. ಅಳದೇ ಇದ್ದರೆ ಹೆತ್ತ ತಾಯಿಯೂ ಹಾಲು ಕೊಡುವುದಿಲ್ಲ, ಇನ್ನು ದಾನಿಗಳು ಕೊಡುತ್ತಾರೆಯೇ ಎಂದು ಬೈದರು. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ, ಆಗುವ ಲಕ್ಷಣವೂ ಇರಲಿಲ್ಲ. ಆದರೆ ಅದು ನನಗೆ ಬೇಕಾಗಿತ್ತು. ಸಂಜೆ ಮಕ್ಕಳಿಗೆ ಲೆಕ್ಕ ಹೇಳಿಕೊಡಲು ಹೋದರೆ ಅವು ಮೆಟ್ಟಿಲ ಮೇಲೆ ಕೂತು ಕಾಯುತ್ತಿರುತ್ತಿದ್ದವು. ಅಷ್ಟು ಮಂದಿ ನನಗಾಗಿ ಕಾದದ್ದು ಹುಟ್ಟಿದ ಮೇಲೆ ಅದೇ ಮೊದಲು.

ಹೀಗಿರುವಾಗ ಮುತ್ತಿನ ಸರದ ಶ್ರೀಮಂತ ಮುದುಕಿಯೊಬ್ಬರು ಆಶ್ರಮ ನೋಡಲು ಬಂದರು. ನಾನು ಬಾಗಿಲಲ್ಲಿ ಫೈಲು ತಬ್ಬಿಕೊಂಡು ನಿಂತಿದ್ದೆ. ಆಕೆ ಏನೋ ಕೇಳಿದರು, ನನಗೆ ನಾಲಿಗೆ ಹೊರಳಲಿಲ್ಲ. ಆಕೆ ನನ್ನ ಗಲ್ಲ ಹಿಡಿದೆತ್ತಿ, ಪಾಪ, ಇವಳೂ ಇಲ್ಲೇ ಬೆಳೆದವಳಾ ಎಂದು ಅಕ್ಕನನ್ನು ಕೇಳಿದರು.

ಅಕ್ಕ ಒಮ್ಮೆ ನನ್ನ ಮುಖ ನೋಡಿದರು. "ಹೂಂ ಅಮ್ಮ. ನಿಮ್ಮಂಥೋರ ದಯೆ, ಪದವೀನೂ ಮುಗಿಸಿದಾಳೆ."

ಮುತ್ತಿನಮ್ಮ ಕಣ್ಣೊರೆಸಿಕೊಂಡರು. ಮಕ್ಕಳು ಮಲಗುವುದಕ್ಕೆ ಹೊಸದೊಂದು ಮಹಡಿ ಕಟ್ಟಿಸಿಕೊಡುವುದಾಗಿ ಅಲ್ಲೇ ಮಾತು ಕೊಟ್ಟರು. ಅವರ ಕಾರು ಹೋದ ಮೇಲೆ ಅಕ್ಕ ನನ್ನ ಬೆನ್ನು ತಟ್ಟಿದರು. ನೀನೇನೂ ಸುಳ್ಳು ಹೇಳಲಿಲ್ಲವಲ್ಲ, ಸುಮ್ಮನಿದ್ದೆ, ಅದು ಹೇಗೂ ನಿನ್ನ ಅಭ್ಯಾಸ ಎಂದರು.

ಅಲ್ಲಿಂದ ನನಗೆ ಫೋನಿನ ಕಾಟ ತಪ್ಪಿತು. ದಾನಿಗಳು ಬರುವ ದಿನ ಮಾಸಿದ ಬಟ್ಟೆ ಹಾಕಿಕೊಂಡು ಸುಮ್ಮನೆ ನಿಂತರಾಯಿತು. ಮುತ್ತಿನಮ್ಮ ನನ್ನ ಮಂಚ ನೋಡಬೇಕೆಂದಾಗ ಕಿಟಕಿ ಪಕ್ಕದ್ದನ್ನು ತೋರಿಸಿದೆ. ಅವರು ಹೋದ ಮೇಲೆ ಆ ಮಂಚದ ಹುಡುಗಿ ನನ್ನ ಹತ್ತಿರ ಬಂದು, "ಅಕ್ಕಾ, ರಾತ್ರಿ ನಾನೆಲ್ಲಿ ಮಲಗ್ಲಿ?" ಎಂದಿತು. ಆಫೀಸಿನಲ್ಲಿ ಇದನ್ನು ಹೇಳಿಕೊಂಡು ಬಹಳ ದಿನ ನಕ್ಕರು.

ಮಹಡಿ ಎದ್ದು ನಿಂತಿತು. ಉದ್ಘಾಟನೆ ಮುಗಿದ ಕೂಡಲೇ ನನ್ನ ಕೆಲಸ ಖಾಯಂ ಎಂದು ಅಕ್ಕ ಹೇಳಿದ್ದರು. ಮನೆಯಲ್ಲಿ ನಾನು ಬರೀ ಸಮಾರಂಭವಿದೆ ಎಂದಿದ್ದೆ. ಅಷ್ಟಕ್ಕೇ ಅಮ್ಮ ಹೊಲಿಗೆಯಂಗಡಿಗೆ ರಜೆ ಹಾಕಿ, ಇದ್ದ ಒಂದೇ ಒಳ್ಳೆ ಬಟ್ಟೆ ಉಟ್ಟು, ಹೇಳದೆ ಕೇಳದೆ ಬಂದುಬಿಟ್ಟಳು. ಮಗಳು ಕೆಲಸ ಮಾಡುವ ಜಾಗ ನೋಡುವ ಆಸೆ ಅವಳಿಗೆ. ಜನರ ನಡುವೆ ದಾರಿ ಮಾಡಿಕೊಂಡು ನೇರ ನನ್ನ ಹತ್ತಿರ ಬಂದು, ನನ್ನ ಮಡಚಿದ ಕಾಲರ್ ಸರಿಮಾಡತೊಡಗಿದಳು.

ಪಕ್ಕದಲ್ಲೇ ಮುತ್ತಿನಮ್ಮ ನನ್ನ ಕೈ ಹಿಡಿದು ಕೂತಿದ್ದರು. "ಯಾರಮ್ಮ ಇವರು? ಇಲ್ಲಿ ನಿನ್ನ ಸಾಕಿದೋರಾ?"

ನಾನು ಅಕ್ಕನನ್ನು ಹುಡುಕಿದೆ. ಅವರು ವೇದಿಕೆಯ ಹತ್ತಿರ ಯಾರಿಗೋ ಕುರ್ಚಿ ತೋರಿಸುತ್ತಿದ್ದರು. ನನ್ನ ಬದಲು ಮಾತಾಡುವವರು ಯಾರೂ ಇರಲಿಲ್ಲ.

"ಇಲ್ಲಿ ಅಡುಗೆ ಮಾಡ್ತಾರೆ" ಎಂದೆ. ಆ ಕೆಲಸಕ್ಕೆ ಸೇರಿದಾಗಿನಿಂದ ತೊದಲದೆ ಆಡಿದ ಮೊದಲ ಮಾತು ಅದು.

ಅಮ್ಮನ ಬೆರಳು ನನ್ನ ಕತ್ತಿನ ಹತ್ತಿರ ಹಾಗೇ ನಿಂತಿತು. ಆಮೇಲೆ ಕಾಲರ್ ಪೂರ್ತಿ ಸರಿಮಾಡಿ, ಕೈ ತೆಗೆದಳು.

"ಹೌದಮ್ಮ" ಎಂದಳು ಮುತ್ತಿನಮ್ಮನಿಗೆ. "ಈ ಕೂಸು ಇಲ್ಲಿಗೆ ಬಂದಾಗ ಇಷ್ಟೇ ಇಷ್ಟಿತ್ತು. ಹೆತ್ತೋಳು ಯಾವಳೋ ಕಲ್ಲೆದೆಯವಳು, ಬಾಗಿಲಲ್ಲಿಟ್ಟು ತಿರುಗೀನೂ ನೋಡ್ದೆ ಹೋದ್ಲು. ಇಷ್ಟು ಹೊತ್ತಿಗೆ ಸತ್ತಿರ್ತಾಳೆ ಬಿಡಿ."

ಮಾತು ಮುಗಿಯುವವರೆಗೂ ಅವಳು ನೋಡಿದ್ದು ನನ್ನನ್ನು. ಮುತ್ತಿನಮ್ಮ ಬಿಕ್ಕಿ ಅತ್ತರು. ಪರ್ಸು ತೆಗೆದು ಅಮ್ಮನ ಕೈಗೆ ನೋಟು ತುರುಕಿ, ಮಕ್ಕಳಿಗೆ ಹೊಟ್ಟೆತುಂಬ ಮಾಡಿಹಾಕು ಎಂದರು. ಅಮ್ಮ ಬೇಡ ಎನ್ನಲಿಲ್ಲ. ನೋಟು ಮಡಚಿಟ್ಟುಕೊಂಡು ಅಡುಗೆಮನೆಗೆ ನಡೆದಳು. ಊಟದ ಹೊತ್ತಿಗೆ ಬಕೆಟ್ಟು ಹಿಡಿದು ಎಲ್ಲರಿಗೂ ಬಡಿಸಿದಳು. ನನ್ನ ತಟ್ಟೆಗೂ ಬಡಿಸಿ, ಸಾಕಾ ಎಂದು ಕೇಳಿ, ಮುಂದೆ ಹೋದಳು.

ಸಂಜೆ ಅಕ್ಕ ನನ್ನನ್ನು ಕರೆದು ಕೆಲಸ ಖಾಯಂ ಎಂದರು. ಅಡುಗೆಯವಳ ಮಾತನ್ನು ಮುತ್ತಿನಮ್ಮನಿಂದ ಕೇಳಿ, ಬಡಿಸುವಾಗ ಅವಳ ಮುಖವನ್ನೂ ನೋಡಿದ್ದರು. ಅವಳು ನಿಜವಾಗಿಯೂ ನಿನ್ನ ತಾಯಿಯಾ ಎಂದು ಕೇಳಿದರು. ನಾನು ಹೌದೆಂದು ತಲೆಯಾಡಿಸಿದೆ. "ಅಬ್ಬಾ, ಎಂಥಾ ಬಾಯಿ ಕಣೇ! ಅದರಲ್ಲಿ ಅರ್ಧ ನಿನಗೆ ಬಂದಿದ್ರೆ ಇನ್ನೊಂದು ಮಹಡಿ ಎಬ್ಬಿಸ್ತಿದ್ದೆ. ಮುಂದಿನ ಸಲಾನೂ ಕರ್ಕೊಂಡು ಬಾ."

ಬಸ್ ನಿಲ್ದಾಣದಲ್ಲಿ ಅಮ್ಮ ಕಂಬದ ಆಚೆ ನಿಂತಿದ್ದಳು. ನಾನು ಹತ್ತಿರ ಹೋಗಿ, ಅಮ್ಮ, ಖಾಯಂ ಆಯ್ತು ಎಂದೆ. ಒಳ್ಳೇದಾಯ್ತು ಎಂದಳು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಮಡಿಲ ಚೀಲವನ್ನು ಪಕ್ಕದ ಖಾಲಿ ಜಾಗದಲ್ಲಿಟ್ಟಳು. ನಾನು ಅವಳ ಪಕ್ಕದಲ್ಲಿ ಕಂಬಿ ಹಿಡಿದು ನಿಂತೆ. ಕಂಡಕ್ಟರ್ ಬಂದು ನಮ್ಮಿಬ್ಬರ ಮುಖ ನೋಡಿದ. ಹೋಲಿಕೆ ಕಂಡಿರಬೇಕು.

"ಎರಡಾ?"

ಅಮ್ಮ ಮುತ್ತಿನಮ್ಮ ಕೊಟ್ಟ ನೋಟು ಬಿಡಿಸಿ ಅವನಿಗೆ ಕೊಟ್ಟಳು. "ಒಂದು" ಎಂದಳು.