ಬೀಜದ ಚೀಲ ಓದಿದ ಸೂಗಮ್ಮ

ಬಿತ್ತಿ ಉಳಿದ ಬೀಜದ ಜೋಳವನ್ನು ಗೌಡರು ಆಳುಗಳಿಗೆ ಕೂಲಿಯೆಂದು ಅಳೆದು ಕೊಟ್ಟರು. ಹುಳ ಹತ್ತದಿರಲೆಂದು ಆ ಬೀಜಕ್ಕೆ ವಿಷ ಸವರಿದ್ದರು.

ಇದು ಎಪ್ಪತ್ತೊಂಬತ್ತರ ಮುಂಗಾರಿನಲ್ಲಿ, ಮಸರಕಲ್ ದಾಟಿದರೆ ಸಿಗುವ ಒಂದು ಊರಿನಲ್ಲಿ ನಡೆದದ್ದು. ಯಮನಮ್ಮ ತನ್ನ ಪಾಲಿನ ಜೋಳವನ್ನು ಬೀಜದ ಚೀಲದ ಸಮೇತ ಹೊತ್ತು ತಂದಳು. ಕಾಳು ಕೆಂಪಗಿದ್ದವು. ಅವಳು ಹೆದರಲಿಲ್ಲ. ಕೇರಿಯಲ್ಲಿ ಎಲ್ಲರೂ ಮಾಡುವುದೇ ಹಾಗೆ: ಬಣ್ಣ ಬಿಡುವವರೆಗೆ ತೊಳೆದು, ಒಣಗಿಸಿ, ಬೀಸಿ ರೊಟ್ಟಿ ತಟ್ಟುವುದು.

ಕಾಳನ್ನು ಮೊರಕ್ಕೆ ಸುರುವಿ, ಖಾಲಿ ಚೀಲವನ್ನು ಮಗಳ ಕೈಗೆ ಕೊಟ್ಟಳು. ಮಗಳು ಸೂಗಮ್ಮ ನಾಲ್ಕನೇ ತರಗತಿ.

“ಸೂಗೀ, ಇದರ ಮ್ಯಾಗ ಏನೋ ಬರದಾರ. ಓದಿ ತೋರ್ಸು ನಿಮ್ಮಪ್ಪಗ. ಸಾಲಿ ಬಿಡಸ್ತೀನಿ ಅಂತಾನ.”

ಸೂಗಮ್ಮ ನೆಟ್ಟಗೆ ನಿಂತು, ಪಾಠ ಒಪ್ಪಿಸುವ ರಾಗದಲ್ಲಿ ಶುರು ಮಾಡಿದಳು.

“ಉಪಚರಿಸಲ್ಪಟ್ಟ ಬೀಜ ಬಿತ್ತನೆಗಾಗಿ ಮಾತ್ರ ಮಾನವ ಹಾಗೂ ಜಾನುವಾರುಗಳ ಸೇವನೆಗೆ ಯೋಗ್ಯವಲ್ಲ ತೊಳೆಯುವಿಕೆಯಿಂದ ದುಷ್ಪರಿಣಾಮ ನಿವಾರಣೆಯಾಗದು!”

ಒಂದೇ ಉಸಿರು. ಒಂದಕ್ಷರ ತಪ್ಪಲಿಲ್ಲ.

“ಅಬಾಬಾ! ಬಸ್ಸು ಹೋದಂಗ ಹೋತಲ್ಲಲೇ!” ಅಪ್ಪ ಉರುಕುಂದಪ್ಪ ನಕ್ಕ. ಯಮನಮ್ಮ ಹಿಗ್ಗಿ, ಕಾಳು ತೊಳೆಯಲು ಕೊಡ ಎತ್ತಿದಳು.

“ಯಮನಮ್ಮಾ, ನಿಂದ್ರು!”

ಬಾಗಿಲಲ್ಲಿ ರಜಿಯಾ ಬೇಗಂ ನಿಂತಿದ್ದರು. ಆ ವರ್ಷವೇ ಮಾನ್ವಿಯಿಂದ ವರ್ಗವಾಗಿ ಬಂದ ಮೇಡಂ. ಬಿತ್ತನೆಯ ದಿನಗಳಲ್ಲಿ ಸಾಲೆ ತಪ್ಪಿಸುವ ಮಕ್ಕಳನ್ನು ಕರೆಯಲು ಕೇರಿಗೆ ಬಂದಿದ್ದರು.

“ಸೂಗಮ್ಮ, ಛಲೋ ಓದಿದಿ. ಏನ್ ಹೇಳತದ ಅದು?”

“ಗೊತ್ತಿಲ್ರಿ. ಓದೀನ್ರಿ.”

“ಅಕ್ಕೋರ, ತಪ್ಪಿಲ್ದ ಓದ್ಯಾಳ. ಇನ್ನೇನ್ ಬೇಕ್ರಿ?” ಉರುಕುಂದಪ್ಪ ಕೇಳಿದ. “ನೀವು ಸಾಲ್ಯಾಗ ಕಥಿ, ಪದ್ಯ ಬಿಟ್ಟು ಬೆಂಕಿಪೊಟ್ಣ, ಗೊಬ್ಬರ ಚೀಲ ಓದಸ್ತೀರಂತ. ಅಂಗಡಿ ಇಡ್ತಾವೇನ್ರಿ ನಮ್ಮ ಹುಡುಗ್ರು?”

ರಜಿಯಾ ಬೇಗಂ ಚೀಲವನ್ನು ನೆಲದ ಮೇಲೆ ಹಾಸಿ ಸೂಗಮ್ಮನ ಪಕ್ಕ ಕುಳಿತರು.

“ರಾಗ ಬ್ಯಾಡ. ಹೌರಗ, ಒಂದೊಂದ ಪದ ಹಿಡದು ಹೋಗೂಣು. ಜಾನುವಾರು ಅಂದ್ರ?”

“ದನ ರೀ.”

“ಯೋಗ್ಯವಲ್ಲ ಅಂತ ಮತ್ತೆಲ್ಲಿ ಓದೀದಿ?”

ಸೂಗಮ್ಮ ತಲೆ ಕೆರೆದುಕೊಂಡಳು. “ಹಳೀ ಬಾವಿ ಹಲಗಿ ಮ್ಯಾಗ್ರಿ. ಕುಡಿಯಲು ಯೋಗ್ಯವಲ್ಲ.”

“ಆ ನೀರು ಕುಡೀತಿಯೇನು?”

“ಥೂ! ಕುಡೀಬಾರ್ದ್ರೀ.”

“ಹಂಗಾರ ಇಲ್ಲಿ? ಮಂದಿಗೂ ದನಕ್ಕೂ ಏನ್ ಮಾಡಾಕ ಆಗಂಗಿಲ್ಲ ಅಂತದ? ಜ್ವಾಳ ಏನ್ ಮಾಡ್ತೀವಿ ನಾವು?”

“ತಿಂತೀವ್ರಿ...” ಹುಡುಗಿ ಮೊರದ ಕಡೆ ನೋಡಿದಳು. “ಯವ್ವಾ, ಇದು ತಿನ್ನೋದಲ್ಲಬೇ!”

“ಹೋದ ವರ್ಷನೂ ತಿಂದೀವಿ. ಸತ್ತೀವೇನು?” ಉರುಕುಂದಪ್ಪ ಗುರುಗುಟ್ಟಿದ.

“ಸತ್ತಿಲ್ಲ,” ಯಮನಮ್ಮ ತಿರುಗಿದಳು. “ಇಕಿ ವಾಂತಿ ಮಾಡಿ ಮಾಡಿ ಕಣ್ಣು ಮ್ಯಾಲ ಮಾಡಿದ್ಲು. ನೀ ಗಾಳಿ ಸೋಕ್ಯದ ಅಂತ ತಾಯತ ಕಟ್ಟಿಸಿದಿ.”

“ಅದಕ್ಕ... ತೊಳದ್ರ ಹೋಗತದಲ್ಲ?” ಉರುಕುಂದಪ್ಪ ಕೇಳಿದ.

ಸೂಗಮ್ಮ ಕಡೆಯ ಸಾಲಿನ ಮೇಲೆ ಬೆರಳಿಟ್ಟು, ಒಂದೊಂದೇ ಪದ ಹಿಡಿದು ಓದಿದಳು. ಎರಡು ಪದಗಳಿಗೆ ಮೇಡಂ ಅರ್ಥ ಹೇಳಿದರು. ಉಳಿದದ್ದನ್ನು ಅವಳೇ ಕೂಡಿಸಿದಳು.

“ತೊಳದ್ರೂ ಹೋಗಂಗಿಲ್ಲಂತಪ್ಪಾ.”

ಉರುಕುಂದಪ್ಪ ಮೊರವನ್ನು ತಾನೇ ದೂರ ಸರಿಸಿದ. “ಇದನ್ನ ನಮ್ಮ ಮಾತಿನ್ಯಾಗ ಬರೀಲಿಕ್ಕೆ ಏನ್ ರೋಗ ಅವ್ರಿಗೆ?” ಎಂದ.

ನ್ಯಾಯವಾದ ಪ್ರಶ್ನೆ. ಆದರೆ ಬರೆಯುವವರು ತಿದ್ದಿಕೊಳ್ಳುವವರೆಗೆ ನಮ್ಮ ಮಕ್ಕಳು ಸಾಯುತ್ತ ಕೂರಲಾಗದು. ಅವ್ವಂದಿರೇ, ಅಪ್ಪಂದಿರೇ, ಗುರುಗಳೇ, ಮಗು ತಪ್ಪಿಲ್ಲದೆ ಓದಿತೆಂದು ಸುಮ್ಮನಾಗಬೇಡಿ. ಕೇಳಿ: ಇದು ಯಾತರ ಬಗ್ಗೆ? ಯಾರಿಗೆ ಹೇಳಿದ್ದು? ಏನು ಮಾಡು ಅನ್ನುತ್ತದೆ, ಏನು ಬೇಡ ಅನ್ನುತ್ತದೆ? ನಿನ್ನ ಮಾತಿನಲ್ಲಿ ಹೇಳು ಅನ್ನಿ. ತಿಳಿಯದ ಪದ ಬಂದರೆ ಅಲ್ಲೇ ನಿಲ್ಲಿಸಿ, ಮಗು ಕಣ್ಣಾರೆ ಕಂಡದ್ದನ್ನು ನೆನಪಿಸಿ. ಕಥೆ ಓದಲಿ, ಪದ್ಯ ಹಾಡಲಿ. ಜೊತೆಗೆ ಗೊಬ್ಬರದ ಚೀಲ, ಗುಳಿಗೆಯ ಚೀಟಿ, ಪಂಚಾಯಿತಿ ಗೋಡೆಯ ಬರಹವನ್ನೂ ಓದಿ ತಿಳಿಯಲಿ. ನಮ್ಮನ್ನು ಕಾಯುವ ಮಾತು ಈಗ ಅಚ್ಚಿನಲ್ಲೇ ಬರುತ್ತದೆ. ನಿಮಗೆ ಓದು ಬಾರದಿದ್ದರೂ ಕೇಳಲು ಬರುತ್ತದೆ. ಕೇಳಿ.

ಆ ಸಂಜೆ ರಜಿಯಾ ಬೇಗಂ ಬೀಸುವ ಕಲ್ಲುಗಳನ್ನು ನಿಲ್ಲಿಸಲು ಕೇರಿಯೊಳಗೆ ಓಡಿದರು. ಯಮನಮ್ಮ ಕಾಳನ್ನು ಹರಕು ಬಟ್ಟೆಯಲ್ಲಿ ಕಟ್ಟಿಕೊಂಡು, ಮಗಳೊಂದಿಗೆ ಗೌಡರ ಅಂಗಳಕ್ಕೆ ಹೋದಳು. ಸೂಗಮ್ಮನ ಕಂಕುಳಲ್ಲಿ ಚೀಲವಿತ್ತು.

ಗೌಡರು ಅದನ್ನು ನೋಡಿದರು. ಅವರಿಗೆ ಓದಲು ಬರುತ್ತಿತ್ತು.

“ಆತು, ನಿನಗ ಬ್ಯಾರೆ ಜ್ವಾಳ ಅಳದು ಕೊಡ್ತೀನಿ,” ಎಂದರು. “ಕೇರ್ಯಾಗ ಬಾಯಿ ಬಿಡಬ್ಯಾಡ. ಏ ಹುಡುಗೀ, ಆ ಚೀಲ ಒಲಿಗೆ ಹಾಕು.”

ಸೂಗಮ್ಮ ಚೀಲವನ್ನು ಎದೆಗೆ ಅವುಚಿಕೊಂಡಳು.

“ಹಾಕಂಗಿಲ್ರೀ. ಇದನ್ನ ಎಲ್ಲಾರ ಮನ್ಯಾಗೂ ಓದಿ ಹೇಳೋದದ.”